ಅರಿಶಿನ ಕ್ರಿಮಿ ಕೊಲ್ಲುತ್ತದೆ, ಸರಿ. ಕ್ರಿಮಿ ಇರುವಲ್ಲಿಗೆ ತಲುಪುತ್ತದೆಯೇ?

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗನಿಗೆ ತೊಡೆಯ ಮೇಲೆ ಪದೇ ಪದೇ ಕುರು ಏಳುತ್ತದೆ. ನಮ್ಮ ಅತ್ತೆ ಬೇವಿನೆಲೆ, ಅರಿಶಿನ ಅರೆದು ಪಟ್ಟು ಹಾಕುತ್ತಾರೆ. ಕೆಲವು ಸಲ ವಾಸಿಯಾಗುತ್ತದೆ, ಕೆಲವು ಸಲ ಇಲ್ಲ. ಈಗ ಆನ್‌ಲೈನ್‌ನಲ್ಲಿ ಒಂದು ಗಿಡಮೂಲಿಕೆ ‘ನ್ಯಾನೋ ಜೆಲ್’ ತರಿಸಿದ್ದೇವೆ. ಚರ್ಮದ ಏಳೂ ಪದರ ದಾಟಿ, ರಕ್ತಕ್ಕೆ ಸೇರಿ, ಸೋಂಕನ್ನು ಬೇರುಸಮೇತ ಕೀಳುತ್ತದೆ, ಆಂಟಿಬಯೋಟಿಕ್ ಮಾತ್ರೆ ಬೇಕಿಲ್ಲ ಎಂದು ಡಬ್ಬಿಯ ಮೇಲಿದೆ. ಇದು ನಿಜವಾಗಿ ಸಾಧ್ಯವೇ? ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ಕಾಲ್ಬೆರಳ ಹತ್ತಿರ ಒಂದು ಹುಣ್ಣು ಮೂರು ವಾರದಿಂದ ಮಾಯುತ್ತಿಲ್ಲ. ಅವರಿಗೂ ಇದನ್ನೇ ಹಚ್ಚಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಕಾಯುವಂಥದ್ದಲ್ಲ. ಮಾವನವರ ಕಾಲಿಗೆ ಜೆಲ್ಲೂ ಬೇಡ, ಪಟ್ಟೂ ಬೇಡ. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮಂದವಾಗಿರುತ್ತವೆ, ನೋವೇ ಗೊತ್ತಾಗುವುದಿಲ್ಲ. ರಕ್ತದ ಓಡಾಟವೂ ಕಡಿಮೆ. ಮೇಲೆ ನಾಲ್ಕಾಣೆಯಗಲ ಕಾಣುವ ಹುಣ್ಣು ಒಳಗೆ ಮೂಳೆಯವರೆಗೆ ಹೋಗಿರಬಹುದು. ಮೇಲೆ ಏನು ಸವರಿದರೂ ಅಲ್ಲಿಗೆ ಇಳಿಯುವುದಿಲ್ಲ. ಆ ಕೆಲಸ ಮುಗಿಸಿಕೊಂಡು ಬಂದು ಉಳಿದದ್ದನ್ನು ಓದಿ.

ಈಗ ಜೆಲ್ ವಿಷಯ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವಳು. ಚರ್ಮಕ್ಕೆ ಹಚ್ಚಿದ್ದು ಎಷ್ಟು ಒಳಗೆ ಹೋಯಿತು, ಎಲ್ಲಿ ನಿಂತಿತು ಎಂದು ಅಳೆಯುವುದೇ ನನ್ನ ದಿನನಿತ್ಯದ ಕೆಲಸ. ಹಾಗಾಗಿ ‘ಏಳೂ ಪದರ ದಾಟಿ’ ಅನ್ನುವ ಮಾತು ಕೇಳಿದರೆ ಸ್ವಲ್ಪ ನಗು ಬರುತ್ತದೆ. ಏಳು ಪದರದ ಲೆಕ್ಕ ಸುಶ್ರುತನದು. ಚರಕ ಆರು ಎನ್ನುತ್ತಾನೆ. ಜಾಹೀರಾತಿನವರು ಹಳೆಯ ಲೆಕ್ಕವನ್ನೂ ಹೊಸ ‘ನ್ಯಾನೋ’ವನ್ನೂ ಒಂದೇ ಡಬ್ಬಿಯಲ್ಲಿ ಕಲಸಿದ್ದಾರೆ. ಔಷಧಿಗೆ ನಿಜವಾಗಿ ಅಡ್ಡ ನಿಲ್ಲುವುದು ಒಂದೇ ಒಂದು ಪದರ, ಎಲ್ಲಕ್ಕಿಂತ ಮೇಲಿನದು. ಸತ್ತ ಜೀವಕೋಶಗಳ ಹಾಳೆ ಅದು. ದಪ್ಪ 10ರಿಂದ 20 ಮೈಕ್ರಾನ್, ಅಂದರೆ ನೋಟ್‌ಬುಕ್ ಹಾಳೆಯ ದಪ್ಪದ ನಾಲ್ಕನೇ ಒಂದು ಭಾಗವೂ ಇಲ್ಲ. ಸತ್ತ ಕೋಶಗಳು ಇಟ್ಟಿಗೆಯಂತೆ ಜೋಡಿಸಿರುತ್ತವೆ, ನಡುವೆ ಗಾರೆಯ ಹಾಗೆ ಜಿಡ್ಡು. ದಿನವಿಡೀ ಕೊಳಕು, ಸೋಪು, ಬೆವರು ಎಲ್ಲ ಬಿದ್ದರೂ ನಮ್ಮನ್ನು ಕಾಯುವುದು ಈ ಗೋಡೆಯೇ. ಹೊರಗಿನದು ಒಳಗೆ ಹೋಗಬಾರದು ಎಂದೇ ಕಟ್ಟಿದ ಗೋಡೆ. ಅದರ ಮೂಲಕ ಔಷಧಿ ಕಳಿಸುತ್ತೇವೆ ಎಂದು ನಾವು ಹೊರಟಿದ್ದೇವೆ.

ಹಾಗಂತ ಗಿಡದ ಸತ್ವ ಚರ್ಮ ದಾಟುವುದೇ ಇಲ್ಲ ಅಂತಲ್ಲ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತಾರಲ್ಲ, ಅದನ್ನೇ ನೋಡಿ. ಮಳೆಗೆ ನೆನೆದ ಹಸಿ ಎಲೆಯನ್ನು ಬರಿಗೈಯಲ್ಲಿ ಮುರಿದು, ಕಂಕುಳಲ್ಲಿ ಇರುಕಿಕೊಂಡು ಹೊರುವವರಿಗೆ ಸಂಜೆ ಹೊತ್ತಿಗೆ ತಲೆ ಸುತ್ತು, ವಾಂತಿ, ತಲೆನೋವು ಬರಬಹುದು. ಬೀಡಿ ಮುಟ್ಟದವರಿಗೂ ಬರುತ್ತದೆ. ಹೊಗೆಸೊಪ್ಪು ಬೆಳೆಯುವ ಹಲವು ದೇಶಗಳಲ್ಲಿ ಕಂಡ ಕಾಯಿಲೆ ಇದು. ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ರಕ್ತ ಸೇರಿರುತ್ತದೆ. ಅದೇ ಗುಣ ಹಿಡಿದುಕೊಂಡು, ಬೀಡಿ ಸಿಗರೇಟು ಬಿಡುವವರು ಮೈಗೆ ಅಂಟಿಸಿಕೊಳ್ಳುವ ನಿಕೋಟಿನ್ ಪ್ಯಾಚ್ ಮಾಡಿದರು. ಅದಕ್ಕೂ ಮೊದಲು, 1979ರಲ್ಲಿ, ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊಟ್ಟಮೊದಲ ಔಷಧಿ ಪ್ಯಾಚ್ ಕೂಡ ಗಿಡದ್ದೇ: ಸ್ಕೋಪೊಲಮಿನ್. ಉಮ್ಮತ್ತಿ ಗಿಡದಲ್ಲಿ ಇರುವ ವಸ್ತು. ಪ್ರಯಾಣದಲ್ಲಿ ವಾಂತಿ ಬಾರದಿರಲಿ ಅಂತ ಕಿವಿಯ ಹಿಂದೆ ಅಂಟಿಸುತ್ತಾರೆ.

ಈ ಎರಡಕ್ಕೂ ದಾರಿ ಯಾಕೆ ಸಿಕ್ಕಿತು? ಮೊದಲನೆಯದು ಗಾತ್ರ. ಅಣುಗಳ ತೂಕವನ್ನು ಡಾಲ್ಟನ್ ಎಂಬ ಅಳತೆಯಲ್ಲಿ ಹೇಳುತ್ತೇವೆ. 500 ಡಾಲ್ಟನ್ ದಾಟಿದರೆ ಗಟ್ಟಿ ಚರ್ಮದಲ್ಲಿ ನುಸುಳುವುದು ಬಹಳ ಕಷ್ಟ ಎಂಬುದು ನಮ್ಮ ಕ್ಷೇತ್ರದ ಹಳೆಯ ಅಂದಾಜು. ನಿಕೋಟಿನ್ 162, ಸ್ಕೋಪೊಲಮಿನ್ 303. ಎರಡನೆಯದು ಸ್ವಭಾವ. ಗಾರೆಯ ಜಿಡ್ಡಿನಲ್ಲೂ ಕರಗಬೇಕು, ಅದರಾಚೆ ಬರುವ ನೀರಿನಂಶದಲ್ಲೂ ಕರಗಬೇಕು. ಎರಡೂ ಮನೆಯ ಅಳಿಯನ ಹಾಗೆ. ಮೂರನೆಯದು, ಮತ್ತು ಇದನ್ನೇ ಎಲ್ಲರೂ ಮರೆಯುವುದು, ಬೇಕಾಗುವ ಪ್ರಮಾಣ. ಸ್ಕೋಪೊಲಮಿನ್ ಪ್ಯಾಚ್ ಮೂರು ದಿನಕ್ಕೆ ಕೊಡುವುದು ಒಟ್ಟು 1 ಮಿಲಿಗ್ರಾಂ. ದೊಡ್ಡ ನಿಕೋಟಿನ್ ಪ್ಯಾಚ್ ದಿನಕ್ಕೆ 21 ಮಿಲಿಗ್ರಾಂ. ಚಿಟಿಕೆ ಉಪ್ಪಿನ ಒಂದು ಪಾಲಷ್ಟೂ ಅಲ್ಲ. ಅಷ್ಟರಲ್ಲೇ ಅವುಗಳ ಕೆಲಸ ನಡೆಯುತ್ತದೆ.

ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗಳ ಲೆಕ್ಕವೇ ಬೇರೆ. ದೊಡ್ಡವರಿಗೆ ಬರೆಯುವ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಪೂರಾ 1,500. ಚರ್ಮದ ಮೂಲಕ ಅಷ್ಟನ್ನು ಕಳಿಸಲು ಮೈಗೆಲ್ಲ ಪ್ಯಾಚ್ ಅಂಟಿಸಿದರೂ ಸಾಲದು. ಮಾತ್ರೆಯ ಬದಲು ಆಂಟಿಬಯೋಟಿಕ್ ಪ್ಯಾಚ್ ಯಾಕಿಲ್ಲ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಉತ್ತರ ಇದೇ.

ಇನ್ನು ಅರಿಶಿನಕ್ಕೆ ಬರೋಣ. ಅದರ ಹಳದಿ ಬಣ್ಣದ ವಸ್ತು ಕರ್ಕ್ಯುಮಿನ್. ತೂಕ 368, ಅಡ್ಡಿಯಿಲ್ಲ. ಆದರೆ ಜಿಡ್ಡಿನ ಮೇಲೆ ಪ್ರೀತಿ ಜಾಸ್ತಿ, ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಇದನ್ನು ನೀವು ಕಣ್ಣಾರೆ ನೋಡಬೇಕಿತ್ತು. ನಮ್ಮ ಲ್ಯಾಬಿನಲ್ಲಿ ಹಂದಿ ಕಿವಿಯ ಚರ್ಮ ಬಳಸುತ್ತೇವೆ, ಅದು ಮನುಷ್ಯರ ಚರ್ಮಕ್ಕೆ ಸಾಕಷ್ಟು ಹತ್ತಿರ. ಮಾಂಸದಂಗಡಿಯಲ್ಲಿ ಮೊದಲೇ ಹೇಳಿಡಬೇಕು, ಕೂದಲು ತೆಗೆಯಲು ಬಿಸಿನೀರಿಗೆ ಅದ್ದುವ ಮುಂಚೆ ಕಿವಿ ಕೊಯ್ದು ಕೊಡಿ ಅಂತ. ಬೆಂದ ಚರ್ಮದಲ್ಲಿ ಗೋಡೆ ಒಡೆದಿರುತ್ತದೆ, ಅಳತೆ ಸುಳ್ಳಾಗುತ್ತದೆ. ಅಂಗಡಿಯವರಿಗೆ ಇದು ಅರ್ಥವಾಗಲು ನನಗೆ ಎರಡು ತಿಂಗಳು ಬೇಕಾಯಿತು. ‘ಕಿವಿ ತಿಂತೀರಾ ಮೇಡಂ?’ ಅಂತ ಕೇಳಿದ್ದರು.

ಆ ಚರ್ಮವನ್ನು ಎರಡು ಗಾಜಿನ ಬಟ್ಟಲುಗಳ ನಡುವೆ ಬಿಗಿಯುತ್ತೇವೆ. ಮೇಲೆ ಅರಿಶಿನದ ಜೆಲ್. ಕೆಳಗೆ ಮೈಬಿಸಿಯಷ್ಟು ಕಾಯಿಸಿದ ದ್ರವ, ಅದೇ ರಕ್ತದ ಬದಲಿಗೆ. ಇಡೀ ದಿನ ಬಿಡುತ್ತೇವೆ. ಮರುದಿನ ಕೆಳಗಿನ ದ್ರವ ನೋಡಿದರೆ ಬರಿಗಣ್ಣಿಗೆ ತಿಳಿನೀರು. ಹಾಗಾದರೆ ಹಳದಿ ಎಲ್ಲಿ ಹೋಯಿತು? ಚರ್ಮವನ್ನು ಒರೆಸಿ, ಒಂದು ತುಂಡು ಟೇಪ್ ಒತ್ತಿ ಕೀಳುತ್ತೇವೆ. ಟೇಪಿನ ಮೇಲೆ ಸತ್ತ ಕೋಶಗಳ ತೆಳು ಪೊರೆ ಬರುತ್ತದೆ, ಕಡು ಹಳದಿ. ಮತ್ತೊಂದು, ಹಳದಿ. ಐದನೆಯದು, ಆರನೆಯದು, ಕೆನೆ ಬಣ್ಣ. ಹೀಗೆ ಹದಿನೈದು ಇಪ್ಪತ್ತು ಟೇಪ್ ಆಗುವಷ್ಟರಲ್ಲಿ ಟೇಪು ಬೆಳ್ಳಗೆ ಬರುತ್ತದೆ. ಎಲ್ಲವನ್ನೂ ಸಾಲಾಗಿ ಕಿಟಕಿಗೆ ಅಂಟಿಸಿದರೆ ಬಣ್ಣ ಎಲ್ಲಿ ನಿಂತಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಅರಿಶಿನ ಗಾರೆಯೊಳಗೆ ಹೊಕ್ಕಿದೆ, ಅಲ್ಲೇ ಹಾಯಾಗಿ ಕೂತಿದೆ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅರಿಶಿನ ಶಾಸ್ತ್ರದ ಬಣ್ಣ ಮದುವಣಗಿತ್ತಿಯ ಕೈಯಿಂದ ನಾಲ್ಕು ದಿನ ಹೋಗದಿರುವುದಕ್ಕೂ, ಅಷ್ಟೆಲ್ಲ ಹಚ್ಚಿದರೂ ಅದು ರಕ್ತದಲ್ಲಿ ಕಾಣದಿರುವುದಕ್ಕೂ ಕಾರಣ ಒಂದೇ.

ಹಾಗೂ ಹೀಗೂ ಒಂದಿಷ್ಟು ದಾಟಿತು ಅಂತಲೇ ಇಟ್ಟುಕೊಳ್ಳಿ. ಒಳಗಿನ ವಾತಾವರಣ ಅದಕ್ಕೆ ಒಗ್ಗುವುದಿಲ್ಲ. ರಕ್ತದಷ್ಟೇ ಕ್ಷಾರ ಇರುವ ನೀರಿನಲ್ಲಿ, ಮೈಬಿಸಿಯಲ್ಲಿ, ಕರ್ಕ್ಯುಮಿನ್ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. ರಕ್ತದ ಪ್ರೋಟೀನ್ ಅದನ್ನು ಸ್ವಲ್ಪ ಕಾಪಾಡುತ್ತದೆ, ಆದರೆ ಆಗ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬ್ಯಾಕ್ಟೀರಿಯಾಗೆ ಸಿಗುವುದಿಲ್ಲ. ಒಂದು ಸುಲಭ ಗುಣಾಕಾರ ಮಾಡಿ. ಕುರು ತರುವ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಔರಿಯಸ್, ಚಿಕ್ಕದಾಗಿ ಸ್ಟ್ಯಾಫ್. ಅದನ್ನು ತಡೆಯಲು ಕರ್ಕ್ಯುಮಿನ್ ಮಿಲಿಲೀಟರಿಗೆ 100 ಮೈಕ್ರೋಗ್ರಾಂ (ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ) ಆಸುಪಾಸು ಅಥವಾ ಇನ್ನೂ ಜಾಸ್ತಿ ಬೇಕು ಎಂದು ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಅಳತೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಬರೀ ರಕ್ತದಲ್ಲೇ 500 ಮಿಲಿಗ್ರಾಂ ಸದಾ ಇರಬೇಕಾಯಿತು. ಚರ್ಮ ದಾಟುವುದರಲ್ಲಿ ಪಳಗಿದ ನಿಕೋಟಿನ್‌ಗೇ ದಿನಕ್ಕೆ 21 ಅಂದೆನಲ್ಲ. ಹಾಗಾಗಿ ನಿಮ್ಮ ಡಬ್ಬಿಯ ‘ರಕ್ತಕ್ಕೆ ಸೇರಿ’ ಅನ್ನುವ ಮಾತನ್ನು ಇಲ್ಲಿಗೇ ಬಿಡೋಣ.

ಆದರೆ ಇಲ್ಲಿ ಒಂದು ತಿರುವು ಇದೆ. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದೂ ಅದೇ. ಗಿಡದ ಸತ್ವಗಳ ದೊಡ್ಡ ಕೊರತೆ ಅಂದರೆ ಅವು ಕೆಲಸ ಮಾಡಲು ಬಹಳ ಬೇಕು. ಚರ್ಮದ ಸೋಂಕಿಗೆ ಡಾಕ್ಟರು ಬರೆಯುವ ಮ್ಯುಪಿರೋಸಿನ್ ಮುಲಾಮಿನ ಔಷಧಿ ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆಯಲ್ಲೇ ಸ್ಟ್ಯಾಫ್ ಅನ್ನು ತಡೆಯುತ್ತದೆ. ಆಸ್ಟ್ರೇಲಿಯದ ಟೀ ಟ್ರೀ ಎಂಬ ಮರದ (ನಮ್ಮ ಚಹಾ ಗಿಡವಲ್ಲ) ಎಲೆಯ ಎಣ್ಣೆಗೆ ಅರ್ಧ ಪರ್ಸೆಂಟ್ ಬೇಕು, ಅಂದರೆ ನಾಲ್ಕೈದು ಸಾವಿರ ಮೈಕ್ರೋಗ್ರಾಂ. ಸಾವಿರಾರು ಪಟ್ಟು ಅಂತರ. ರಕ್ತದಲ್ಲಿ ಇದು ಆಗದ ಹೋಗದ ಮಾತು. ಚರ್ಮದ ಮೇಲೆ ಮಾತ್ರ ಹಾಗಲ್ಲ. 10 ಪರ್ಸೆಂಟ್ ಮುಲಾಮು ಹಚ್ಚಿದರೆ ಆ ಜಾಗದಲ್ಲಿ ಬೇಕಾದದ್ದರ ಇಪ್ಪತ್ತು ಪಟ್ಟು ಕ್ಷಣದಲ್ಲಿ ಸಿಕ್ಕಿತು. ಯಾವ ಗೋಡೆಯನ್ನೂ ದಾಟಬೇಕಿಲ್ಲ, ಲಿವರ್ ಒಡೆದು ಹಾಕುವ ಭಯವಿಲ್ಲ. ಹಾಗಾಗಿ ಈ ಗಿಡ ಕ್ರಿಮಿ ಕೊಲ್ಲುತ್ತದಾ ಎಂದು ಕೇಳುವ ಮೊದಲು ಕ್ರಿಮಿ ಎಲ್ಲಿದೆ ಎಂದು ಕೇಳಬೇಕು. ಮೇಲೆ ಇದ್ದರೆ ಗಿಡಕ್ಕೆ ಒಂದು ಅವಕಾಶ ಇದೆ. ಒಳಗೆ ಇಳಿದಷ್ಟೂ ಆ ಅವಕಾಶ ಕಮ್ಮಿ.

ಮೇಲೆ ಇದ್ದಾಗ ಗೆದ್ದ ಉದಾಹರಣೆಗಳು ಇವೆ. ಆಸ್ಟ್ರೇಲಿಯದಲ್ಲಿ 1990ರಲ್ಲಿ ಮೊಡವೆ ಇದ್ದ 124 ಜನರ ಮೇಲೆ 5 ಪರ್ಸೆಂಟ್ ಟೀ ಟ್ರೀ ಜೆಲ್ ಮತ್ತು ಅಷ್ಟೇ ಪ್ರಮಾಣದ, ಮೊಡವೆಗೆ ಮಾಮೂಲಿಯಾಗಿ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಹೋಲಿಸಿ ನೋಡಿದರು. ಎರಡರಿಂದಲೂ ಮೊಡವೆ ಕಡಿಮೆಯಾಯಿತು. ಗಿಡದ್ದು ನಿಧಾನ, ಆದರೆ ಉರಿ ಕೆರೆತ ಕಡಿಮೆ. ನಮಗೆ ಹತ್ತಿರದ್ದು ಬೇಕೆಂದರೆ ಕೊಬ್ಬರಿ ಎಣ್ಣೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ. ಒಣಚರ್ಮದ ಎಕ್ಸಿಮಾ ಇರುವವರ ಮೈಮೇಲೆ ಸ್ಟ್ಯಾಫ್ ಬೀಡುಬಿಟ್ಟಿರುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಅಂಥವರಿಗೆ ನಾಲ್ಕು ವಾರ ಹಸಿ ಕೊಬ್ಬರಿಯಿಂದ ತೆಗೆದ ಶುದ್ಧ ಎಣ್ಣೆ ಹಚ್ಚಿಸಿದರು. ಸ್ಟ್ಯಾಫ್ ಇದ್ದ 20 ಜನರಲ್ಲಿ ಕೊನೆಗೆ ಒಬ್ಬರಲ್ಲಿ ಮಾತ್ರ ಉಳಿಯಿತು. ಆಲಿವ್ ಎಣ್ಣೆ ಹಚ್ಚಿದ ಗುಂಪಿನಲ್ಲಿ 12ರಲ್ಲಿ 6. ಸಣ್ಣ ಅಧ್ಯಯನ, ನಿಜ. ಆದರೆ ಎಣ್ಣೆಗೆ ಅಲ್ಲಿ ಯಾವ ನ್ಯಾನೋ ಸಹಾಯವೂ ಬೇಕಾಗಲಿಲ್ಲ. ಕ್ರಿಮಿಯೂ ಎಣ್ಣೆಯೂ ಒಂದೇ ಜಗುಲಿಯ ಮೇಲೆ ಇದ್ದವು.

ಒಳಗಿರುವ ಕ್ರಿಮಿಗೆ ಗಿಡದ ಎಣ್ಣೆ ಹಚ್ಚಲು ಹೋದ ಕತೆಯೂ ಒಂದಿದೆ. ಅದು ನಮ್ಮ ಪಶ್ಚಿಮ ಘಟ್ಟಕ್ಕೂ ತಾಗಿದ್ದು. ಗರುಡಫಲದ ಮರ ನೋಡಿದ್ದೀರಾ? ಹೊಳೆ ದಂಡೆಯ ಕಾಡಿನಲ್ಲಿ ಇರುತ್ತದೆ, ಚೆಂಡಿನಂಥ ಗಟ್ಟಿ ಕಾಯಿ. ಸುಶ್ರುತ ಸಂಹಿತೆಯಲ್ಲಿ ತುವರಕ ಎಂದು ಬರುವುದು ಇದೇ ಎನ್ನುತ್ತಾರೆ. ಇದರ ಬೀಜದ ಎಣ್ಣೆ, ಬರ್ಮಾ ಕಡೆಯ ಇದರ ಬಳಗದ ಮರದ ಎಣ್ಣೆ, ಎರಡನ್ನೂ ಚಾಲ್‌ಮೂಗ್ರ ಎಣ್ಣೆ ಎಂದು ಕರೆದು ಕುಷ್ಠರೋಗಕ್ಕೆ ಲೋಕದ ತುಂಬ ಬಳಸಿದರು. ಎಣ್ಣೆಯಲ್ಲಿ ಗುಣ ಇತ್ತು. ಕಷ್ಟ ಇದ್ದದ್ದು ತಲುಪಿಸುವುದರಲ್ಲಿ. ಮೇಲೆ ಹಚ್ಚಿದರೆ ಜಾಸ್ತಿ ಉಪಯೋಗ ಕಾಣಲಿಲ್ಲ, ಯಾಕೆಂದರೆ ಕುಷ್ಠದ ಬ್ಯಾಕ್ಟೀರಿಯಾ ಚರ್ಮದ ಆಳದ ಕೋಶಗಳೊಳಗೆ, ನರಗಳೊಳಗೆ ಅಡಗಿರುತ್ತದೆ. ಕುಡಿಸಿದರೆ ವಾಂತಿ. ಸೂಜಿಯಲ್ಲಿ ಚುಚ್ಚಿದರೆ ಎಣ್ಣೆ ಅಲ್ಲೇ ಗಂಟು ಕಟ್ಟಿ ಸಾಲು ಸಾಲು ಬೊಕ್ಕೆ ಏಳುತ್ತಿತ್ತು.

1915ರ ಹೊತ್ತಿಗೆ ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ಕರಿಯ ಹುಡುಗಿ, ವಯಸ್ಸು ಇಪ್ಪತ್ತಮೂರು, ರಸಾಯನಶಾಸ್ತ್ರದವಳು, ಇದಕ್ಕೆ ದಾರಿ ಹುಡುಕಿದಳು. ಎಣ್ಣೆಯ ಕೊಬ್ಬಿನ ಆಮ್ಲಗಳನ್ನು ಈಥೈಲ್ ಎಸ್ಟರ್ ಎಂಬ ಬೇರೆ ರೂಪಕ್ಕೆ ಬದಲಾಯಿಸಿದಳು. ತೆಳ್ಳಗಾಯಿತು, ಚುಚ್ಚಿದರೆ ಮೈ ಹೀರಿಕೊಂಡಿತು. 1916ರ ಕೊನೆಯ ದಿನ ಆಕೆ ತೀರಿಕೊಂಡಳು. ಕೆಲಸದ ಹೆಸರು ಬೇರೊಬ್ಬರ ಪಾಲಾಯಿತು. ಆಕೆಗೆ ಈ ಕೆಲಸ ಒಪ್ಪಿಸಿದ್ದ ಡಾಕ್ಟರ್ ಹಾಲ್‌ಮನ್ 1922ರಲ್ಲಿ ಇದು ಬಾಲ್ ಪದ್ಧತಿ ಎಂದು ಬರೆದು ಹಾಕಿದರು. 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬರುವವರೆಗೆ ಇದೇ ಚುಚ್ಚುಮದ್ದು ನಡೆಯಿತು. ನನ್ನ ವಿದ್ಯಾರ್ಥಿಗಳಿಗೆ ಮೊದಲ ಪಾಠ ಇದೇ. ಎಣ್ಣೆ ಅದೇ, ಬ್ಯಾಕ್ಟೀರಿಯಾ ಅದೇ. ಬದಲಾಗಿದ್ದು ತಲುಪುವ ದಾರಿ ಮಾತ್ರ.

ಹಾಗಿದ್ದರೆ ಇವತ್ತಿನ ‘ನ್ಯಾನೋ’ ಅನ್ನುವುದೆಲ್ಲ ಬರೀ ಬುರುಡೆಯೇ? ಅಲ್ಲ. ಕೆಲಸ ನಿಜವಾಗಿ ನಡೆಯುತ್ತಿದೆ. ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆಗಳೊಳಗೆ ಔಷಧಿ ತುಂಬುತ್ತಾರೆ, ಅವು ಲೈಪೋಸೋಮ್. ಅದಕ್ಕೆ ಶೇಕಡಾ 20ರಿಂದ 45ರಷ್ಟು ಆಲ್ಕೋಹಾಲ್ ಸೇರಿಸಿದರೆ ಎಥೋಸೋಮ್. ಆಲ್ಕೋಹಾಲ್ ಗಾರೆಯನ್ನು ಮೆದು ಮಾಡುತ್ತದೆ, ಗುಳ್ಳೆಯೂ ಬಳುಕುತ್ತದೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಎಲ್ಕಾ ತೂಯಿತೂ ಇದನ್ನು ರೂಪಿಸಿದವರು. ಬಹಳ ಪುಟ್ಟ ಸೂಜಿಗಳ ಪಟ್ಟಿ ಇದೆ, ನೋವಾಗದಂತೆ ಗೋಡೆಯಲ್ಲಿ ತೂತು ಮಾಡುತ್ತದೆ. ಕರ್ಕ್ಯುಮಿನ್ ಹಚ್ಚಿ ನೀಲಿ ಬೆಳಕು ಬಿಟ್ಟು ಬ್ಯಾಕ್ಟೀರಿಯಾ ಸುಡುವ ಪ್ರಯೋಗಗಳೂ ಇವೆ. ಓಂಕಾಳಿನ ಥೈಮಾಲ್, ನೀಲಗಿರಿ ಎಣ್ಣೆಯ ಸಿನಿಯೋಲ್, ಪುದೀನದ ಮೆಂಥಾಲ್ ಇವುಗಳಂತೂ ತಾವೇ ಗಾರೆಯನ್ನು ಸಡಿಲಿಸಿ ಬೇರೆ ಔಷಧಿಗೆ ದಾರಿ ಮಾಡಿಕೊಡುತ್ತವೆ. 150 ಡಾಲ್ಟನ್ ಸುತ್ತಮುತ್ತಲಿನ ಪುಟಾಣಿಗಳು, ತಡೆಯೇ ಇಲ್ಲ. ಅದೇ ಕಾರಣಕ್ಕೆ ಹಾಗೇ ಹಚ್ಚಿದರೆ ಉರಿಯುತ್ತವೆ. ಕೂಸುಗಳಿಗೆ ಕರ್ಪೂರ, ನೀಲಗಿರಿ ಎಣ್ಣೆ ಉಜ್ಜಬೇಡಿ, ಫಿಟ್ಸ್ ಬಂದದ್ದಿದೆ.

ಒಂದು ಮಾತು ಮಾತ್ರ ಜಾಹೀರಾತುಗಳು ಹೇಳುವುದಿಲ್ಲ. ಚಿಕ್ಕದಾದಷ್ಟೂ ಒಳ್ಳೆಯದು ಅಂತೇನಿಲ್ಲ. ಗಟ್ಟಿ ಕಣಗಳು, ಎಷ್ಟೇ ಚಿಕ್ಕದಿರಲಿ, ಸರಿಯಿರುವ ಚರ್ಮವನ್ನು ಹಾಗೇ ತೂರಿ ಹೋಗುವುದು ತೀರಾ ಅಪರೂಪ. ಅವು ಸೇರುವುದು ಕೂದಲ ಗುಳಿಗಳಲ್ಲಿ. ಬರ್ಲಿನ್ನಿನ ಶಾರಿಟೇ ಆಸ್ಪತ್ರೆಯವರು ಹಂದಿ ಕಿವಿಯಲ್ಲೇ ಇದನ್ನು ಅಳೆದರು. ತಿಕ್ಕಿ ಹಚ್ಚಿದಾಗ ಗುಳಿಯ ಆಳಕ್ಕೆ ಇಳಿದದ್ದು ಅತಿ ಸಣ್ಣ ಕಣಗಳಲ್ಲ, 300ರಿಂದ 600 ನ್ಯಾನೋಮೀಟರ್ ಗಾತ್ರದವು (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್). ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ. ಉಜ್ಜಿದಾಗ ಕೂದಲು ಅಲ್ಲಾಡುತ್ತದೆ, ಹುರುಪೆಗಳು ಕಣಗಳನ್ನು ಒಳಕ್ಕೆ ತಳ್ಳುತ್ತವೆ. ಮೊಡವೆಯ ಬ್ಯಾಕ್ಟೀರಿಯಾ ಇರುವುದು ಆ ಗುಳಿಯಲ್ಲೇ. ಕುರು ಹುಟ್ಟುವುದೂ ಅಲ್ಲಿಂದಲೇ. ಹಾಗಾಗಿ ಚರ್ಮದ ಮೂಲಕ ಗಿಡದ ಔಷಧಿ ಕಳಿಸುವ ಕೆಲಸಕ್ಕೆ ಮುಂದೆ ಒಳ್ಳೆಯ ಕಾಲ ಇದ್ದರೆ, ನನ್ನ ಲೆಕ್ಕದಲ್ಲಿ ಅದು ರಕ್ತದ ಕಡೆಗಲ್ಲ, ಈ ಗುಳಿಗಳ ಕಡೆಗೆ. ಅಮೆರಿಕದ ಔಷಧಿ ಇಲಾಖೆ ಗಿಡಮೂಲದ ಔಷಧಿಗಳ ಹೊಸ ನಿಯಮದಡಿ 2006ರಲ್ಲಿ ಮೊದಲು ಒಪ್ಪಿದ್ದೂ ಹಚ್ಚುವ ಮುಲಾಮೇ: ಹಸಿರು ಚಹಾ ಎಲೆಯ ಸಾರದ್ದು. ಅದು ವೈರಸ್ಸಿನ ನರುಲಿಗೆ, ಬ್ಯಾಕ್ಟೀರಿಯಾಗಲ್ಲ. ಆದರೂ ನೋಡಿ, ಮೇಲಿರುವ ರೋಗಕ್ಕೆ ಮೇಲೆ ಹಚ್ಚುವ ಔಷಧಿ.

ಇಷ್ಟು ಗೊತ್ತಾದ ಮೇಲೆ ನಿಮ್ಮ ಮಗನ ಕುರುವಿಗೆ ಬರೋಣ. ಅತ್ತೆಯವರ ಪಟ್ಟು ಕೆಲವು ಸಲ ಕೆಲಸ ಮಾಡುತ್ತದೆ, ಕೆಲವು ಸಲ ಇಲ್ಲ ಅಂದಿರಲ್ಲ. ಕುರು ಇನ್ನೂ ಕೆಂಪು ಗುಳ್ಳೆಯಾಗಿದ್ದಾಗ ಕೂದಲ ಬುಡದ ಸುತ್ತ ಮಾತ್ರ ಸೋಂಕು ಇರುತ್ತದೆ. ಆಗ ಮೈಯೇ ಅದನ್ನು ಗೆಲ್ಲುವುದುಂಟು. ಬೆಚ್ಚಗಿನ ಪಟ್ಟು ಇಟ್ಟರೆ ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತದೆ, ನೋವು ಇಳಿಯುತ್ತದೆ, ಕುರು ಬೇಗ ಹಣ್ಣಾಗುತ್ತದೆ. ಅರಿಶಿನ, ಬೇವಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಬಿಸಿ ಎಂದು ನನ್ನ ಅನುಮಾನ. ಒಮ್ಮೆ ಕೀವು ತುಂಬಿ ಸುತ್ತ ಗೋಡೆ ಕಟ್ಟಿತೆಂದರೆ ಒಳಗೆ ರಕ್ತದ ಓಡಾಟವೇ ಇರುವುದಿಲ್ಲ. ನುಂಗಿದ ಆಂಟಿಬಯೋಟಿಕ್ಕೇ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಹಚ್ಚಿದ ಜೆಲ್ ಎಲ್ಲಿಂದ ತಲುಪೀತು? ಡಾಕ್ಟರು ಸಣ್ಣದಾಗಿ ಸೀಳಿ ಕೀವು ತೆಗೆಯುವುದೇ ಮದ್ದು. ಮನೆಯಲ್ಲಿ ಹಿಂಡಬೇಡಿ. ಅದೂ ಮೂಗು, ಮೇಲ್ದುಟಿಯ ಸುತ್ತ ಎದ್ದದ್ದನ್ನು ಮುಟ್ಟಲೇಬೇಡಿ.

ಬಿಸಿ ಪಟ್ಟಿಗೆ ಶುಭ್ರ ಬಟ್ಟೆ, ಬಿಸಿನೀರು ಸಾಕು. ದಿನಕ್ಕೆ ಮೂರು ನಾಲ್ಕು ಸಲ, ಹತ್ತು ನಿಮಿಷ. ಚರ್ಮ ಒಡೆದಿಲ್ಲ, ಅತ್ತೆಯವರ ಮನಸ್ಸು ನೋಯಿಸುವುದು ಬೇಡ ಅಂದರೆ ತೊಳೆದ ಬೇವಿನೆಲೆ ಅರೆದು ಹಚ್ಚಿ, ದೊಡ್ಡ ಅಪಾಯವಿಲ್ಲ. ತುರಿಕೆ ಬಂದರೆ ಬಿಡಿ. ಕುರು ಒಡೆದ ಮೇಲೆ ಮಾತ್ರ ಬೇಡ. ಅಡುಗೆಮನೆಯ ಅರಿಶಿನ ಪುಡಿ ಮಣ್ಣಿನಿಂದ ಬಂದ ಗೆಡ್ಡೆಯದು, ಅದರಲ್ಲಿ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಸಾರಿನಲ್ಲಿ ಕುದಿಸಿ ತಿನ್ನಲು ಅದು ಸರಿ, ತೆರೆದ ಗಾಯಕ್ಕೆ ಸರಿಯಲ್ಲ. ಬಣ್ಣ ಬರಲಿ ಅಂತ ಸೀಸದ ಕ್ರೋಮೇಟ್ ಬೆರೆಸಿದ ಪುಡಿಯೂ ಪೇಟೆಯಲ್ಲಿ ಸಿಕ್ಕಿಬಿದ್ದದ್ದಿದೆ. ತೆರೆದ ಗಾಯದಲ್ಲಿ ಆ 500 ಡಾಲ್ಟನ್ ಗೋಡೆ ಇಲ್ಲ, ಹಚ್ಚಿದ್ದೆಲ್ಲ ಒಳಗೆ. ಎಥೋಸೋಮ್ ಜೆಲ್ ಆದರೆ ಆಲ್ಕೋಹಾಲಿಗೆ ಹುಡುಗ ಚೀರುತ್ತಾನೆ. 1995ರಲ್ಲಿ ಅಮೆರಿಕದವರು ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಪೇಟೆಂಟ್ ಪಡೆದಿದ್ದರು, ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ತೋರಿಸಿ 1997ರಲ್ಲಿ ರದ್ದು ಮಾಡಿಸಿತು. ಅದು ನಮ್ಮ ಹಕ್ಕಿನ ಗೆಲುವು. ಅರಿಶಿನದ ಪುಡಿ ಶುದ್ಧ ಔಷಧಿ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ, ಇದನ್ನು ಬಹಳ ಜನ ಬೆರೆಸಿಬಿಡುತ್ತಾರೆ.

ಪದೇ ಪದೇ ಏಳುತ್ತದೆ ಅಂದಿರಿ, ನನಗೆ ಜಾಸ್ತಿ ಯೋಚನೆ ಹತ್ತಿದ್ದು ಅಲ್ಲಿ. ಹಾಗೆ ಬರುವ ಮಕ್ಕಳಲ್ಲಿ ಸ್ಟ್ಯಾಫ್ ಎಲ್ಲೋ ಒಂದು ಕಡೆ ಕಾಯಂ ಮನೆ ಮಾಡಿರುತ್ತದೆ. ಹೆಚ್ಚಾಗಿ ಮೂಗಿನ ಹೊಳ್ಳೆಯ ಒಳಗೆ. ಮೂಗಿಗೆ ಹೋದ ಬೆರಳು ತೊಡೆ ಕೆರೆಯುತ್ತದೆ, ಅಷ್ಟೇ. ಮನೆಯ ಬೇರೆಯವರ ಮೂಗಿನಲ್ಲೂ ಇರಬಹುದು. ಟವೆಲ್, ಒಳಚಡ್ಡಿ ಬೇರೆ ಇಡಿ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಉಗುರು ಕತ್ತರಿಸಿ. ಸಕ್ಕರೆ ಪರೀಕ್ಷೆ ಒಮ್ಮೆ ಮಾಡಿಸಿ. ಮೂಗಿಗೆ ಹಚ್ಚುವ ಮ್ಯುಪಿರೋಸಿನ್ ಬೇಕೇ ಎಂದು ಡಾಕ್ಟರನ್ನು ಕೇಳಿ. ಇಲ್ಲೂ ಗಿಡದ ಎಣ್ಣೆಯನ್ನು ಪರೀಕ್ಷೆಗೆ ಒಡ್ಡಿದ್ದಾರೆ. 2004ರಲ್ಲಿ ಪ್ರಕಟವಾದ, ಇಂಗ್ಲೆಂಡಿನ 224 ರೋಗಿಗಳ ಅಧ್ಯಯನದಲ್ಲಿ ಔಷಧಿಗೆ ಬಗ್ಗದ ಸ್ಟ್ಯಾಫ್ ಇದ್ದವರಿಗೆ 10 ಪರ್ಸೆಂಟ್ ಟೀ ಟ್ರೀ ಮುಲಾಮು ಹಚ್ಚಿದಾಗ ಮೂಗಿನಿಂದ ಅದು ಹೋದದ್ದು ಶೇಕಡಾ 47 ಜನರಲ್ಲಿ, ಮ್ಯುಪಿರೋಸಿನ್ ಹಚ್ಚಿದಾಗ 78ರಲ್ಲಿ. ಆದರೆ ಚರ್ಮದ ಮೇಲಿನ ಜಾಗಗಳಲ್ಲಿ, ಗಾಯಗಳಲ್ಲಿ ಟೀ ಟ್ರೀ ಮುಲಾಮೇ ಆಸ್ಪತ್ರೆಯ ಮಾಮೂಲಿ ಔಷಧಿಗಳಿಗಿಂತ ಮೇಲಾಯಿತು. ಒಂದೇ ಎಣ್ಣೆ, ಒಂದೇ ಕ್ರಿಮಿ. ಜಾಗ ಬದಲಾದರೆ ಫಲವೂ ಬದಲಾಯಿತು.

ತರಿಸಿದ ಜೆಲ್ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಯಾವ ಸಾರ, ಎಷ್ಟು ಪರ್ಸೆಂಟ್ ಎಂದು ಬರೆದಿದೆಯೇ? ಆಯುಷ್ ಲೈಸೆನ್ಸ್ ನಂಬರ್ ಇದೆಯೇ? ಲೈಸೆನ್ಸ್ ಇದ್ದರೂ ಅದು ತಯಾರಿಸಲು ಕೊಟ್ಟ ಪರವಾನಗಿ, ರಕ್ತಕ್ಕೆ ಸೇರುತ್ತದೆ ಎಂಬುದನ್ನು ಯಾರೋ ಪರೀಕ್ಷೆ ಮಾಡಿ ಒಪ್ಪಿದ್ದಾರೆ ಎಂದಲ್ಲ. ‘ಲ್ಯಾಬಿನಲ್ಲಿ 99 ಪರ್ಸೆಂಟ್ ಬ್ಯಾಕ್ಟೀರಿಯಾ ಕೊಂದಿದೆ’ ಎಂದು ಬರೆದಿದ್ದರೆ ಅದು ಗಾಜಿನ ತಟ್ಟೆಯ ಮಾತು. ಎಲೆಯ ಸಾರವನ್ನು ಸ್ಪಿರಿಟ್‌ನಲ್ಲಿ ತೆಗೆದು, ಸ್ಪಿರಿಟ್ ಪೂರ್ತಿ ಆರಿಸದೆ ತಟ್ಟೆಗೆ ಹಾಕಿದರೆ ಸ್ಪಿರಿಟ್ಟೇ ಬ್ಯಾಕ್ಟೀರಿಯಾ ಕೊಂದಿರುತ್ತದೆ. ಬರೀ ಸ್ಪಿರಿಟ್ ಹಾಕಿದ ಇನ್ನೊಂದು ತಟ್ಟೆ ಪಕ್ಕದಲ್ಲಿ ಇಟ್ಟಿದ್ದರಾ ಅಂತ ಕೇಳಿದರೆ ನನ್ನ ವಿದ್ಯಾರ್ಥಿಗಳಲ್ಲೇ ಪ್ರತಿ ವರ್ಷ ಇಬ್ಬರು ಮೂವರು ತಲೆ ಬಗ್ಗಿಸುತ್ತಾರೆ.

ಇನ್ನೊಂದು ಸಂಗತಿ ಅತ್ತೆಯವರಿಗೆ ನೀವೇ ಹೇಳಬೇಕು. ಕುರುವಿನ ಸುತ್ತಲಿನ ಕೆಂಪು ಎಲ್ಲಿ ಮುಗಿಯುತ್ತದೋ ಅಲ್ಲಿ ಬಾಲ್ ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ಬೆಳಿಗ್ಗೆ, ಸಂಜೆ ನೋಡಿ. ಕೆಂಪು ಗೆರೆ ದಾಟಿದರೆ, ತೊಡೆಸಂದಿಯ ಕಡೆ ಕೆಂಪು ಪಟ್ಟೆ ಹೊರಟರೆ, ಜ್ವರ ಬಂದರೆ, ಸೋಂಕು ಗುಳಿ ಬಿಟ್ಟು ಚರ್ಮದ ಆಳಕ್ಕೆ ಇಳಿದಿದೆ ಎಂದು ಅರ್ಥ. ಆಗ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು. ದಪ್ಪಗೆ ಅರಿಶಿನ ಮೆತ್ತಿದ್ದರೆ ಆ ಕೆಂಪು ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ, ಡಾಕ್ಟರಿಗೂ ಕಾಣುವುದಿಲ್ಲ.